ನಿಜಾಮರ ಆಭರಣ ಸಂಗ್ರಹ: ಸ್ವರೂಪ, ಒಡೆತನ ಹಾಗೂ ಸಾರ್ವಜನಿಕ ವೀಕ್ಷಣೆ

ಪೀಠಿಕೆ

ಹೈದರಾಬಾದ್ ಸಂಸ್ಥಾನವನ್ನು ಆಳಿದ ಅಸಫ್ ಜಾಹಿ ಮನೆತನದ ನಿಜಾಮರ ಆಭರಣಗಳ ಪೈಕಿ 173 ವಸ್ತುಗಳನ್ನು 1995ನೇ ಇಸವಿಯ ಜನವರಿ ತಿಂಗಳಿನಲ್ಲಿ ಭಾರತ ಸರ್ಕಾರವು ಸುಮಾರು 218 ಕೋಟಿ ರೂಪಾಯಿಗಳಿಗೆ ಖರೀದಿಸಿತು. ಅಂದಿನಿಂದ ಸದರಿ ಸಂಗ್ರಹವು ಕೇಂದ್ರ ಸರ್ಕಾರದ ಸ್ವತ್ತಾಗಿದ್ದು, ಭಾರತೀಯ ರಿಸರ್ವ್ ಬ್ಯಾಂಕಿನ ಭದ್ರತಾ ಕೊಠಡಿಯಲ್ಲಿ ಇರಿಸಲ್ಪಟ್ಟಿದೆ.

ಇಂದಿನ ಬೀದರ್, ಕಲಬುರಗಿ ಹಾಗೂ ರಾಯಚೂರು ಭಾಗದ ಪ್ರದೇಶಗಳು 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾಗುವವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದುದರಿಂದ, ಈ ವಿಷಯವು ಕರ್ನಾಟಕದ ನಾಗರಿಕರಿಗೂ ಹೊರಗಿನದಲ್ಲ. ಸಂಸ್ಥಾನವೇ ಭಾರತದಲ್ಲಿ ವಿಲೀನಗೊಂಡ ಮೇಲೆ ಅರಸನ ಒಡವೆಗಳಿಗೆ ಸರ್ಕಾರವು ಹಣ ತೆತ್ತದ್ದೇಕೆ ಎಂಬ ಪ್ರಶ್ನೆ ಸಹಜವಾದುದು. ಈ ಕುರಿತು ಸಾರ್ವಜನಿಕರ ತಿಳಿವಳಿಕೆಗಾಗಿ ಮಾಹಿತಿಯನ್ನು ಇಲ್ಲಿ ಒದಗಿಸಲಾಗಿದೆ.

ಸಂಗ್ರಹದ ಸ್ವರೂಪ

ಸಂಗ್ರಹದಲ್ಲಿರುವ ವಸ್ತುಗಳು 18ನೇ ಶತಮಾನದ ಆದಿಭಾಗದಿಂದ 20ನೇ ಶತಮಾನದ ಆದಿಭಾಗದವರೆಗಿನ ಅವಧಿಗೆ ಸೇರಿವೆ. ಯುರೋಪಿನ ಅರಸೊತ್ತಿಗೆಗಳಲ್ಲಿ ಉಡುಪಿನ ಎದೆಯ ಮೇಲೆ ಧರಿಸುವ ಬ್ರೂಚ್‌ಗೆ ಇದ್ದ ಸ್ಥಾನವು ಭಾರತದ ದರ್ಬಾರುಗಳಲ್ಲಿ ಪೇಟದ ಮುಂಭಾಗಕ್ಕೆ ಕಟ್ಟುವ ಸರ್ಪೇಚ್, ಕಲ್ಗಿ ಹಾಗೂ ತುರಾಯಿಗಳಿಗೆ ಇತ್ತು. ಇವು ಕೇವಲ ಅಲಂಕಾರವಾಗಿರಲಿಲ್ಲ. ಯಾರು ಧರಿಸಬಹುದು, ಯಾರು ಧರಿಸಬಾರದು ಎಂಬುದು ಪದವಿಯ ವಿಷಯವಾಗಿತ್ತು. ಅರಸನು ಸರ್ಪೇಚನ್ನು ಕರುಣಿಸಿದನೆಂದರೆ ಅದು ಒಂದು ಗೌರವದ ಪ್ರದಾನವೆಂದೇ ಅರ್ಥ.

ಪೇಟದ ಆಭರಣಗಳಲ್ಲದೆ ಕಂಠಹಾರಗಳು, ಪದಕಗಳು, ಸೊಂಟದ ಡಾಬುಗಳು, ತೋಳಬಂದಿಗಳು, ಬಳೆ ಹಾಗೂ ಕಡಗಗಳು, ಕಿವಿಯೋಲೆಗಳು, ನತ್ತು, ಕಾಲುಂಗುರ, ಕಾಲ್ಗಡಗ, ಉಂಗುರಗಳು ಇವೆ. ಇವುಗಳ ಜೊತೆಗೆ ಷೇರ್ವಾನಿಯ ಗುಂಡಿಗಳು, ತೋಳಿನ ಕಫ್‌ಲಿಂಕ್‌ಗಳು ಮತ್ತು ಜೇಬುಗಡಿಯಾರದ ಸರಪಳಿಗಳೂ ಸೇರಿರುವುದು ಗಮನಾರ್ಹ. ದರ್ಬಾರಿನ ಉಡುಪಿನ ಪದ್ಧತಿಯು ಕಾಲಕ್ರಮೇಣ ಬದಲಾದ ಬಗೆಯನ್ನು ಇವುಗಳಿಂದ ತಿಳಿಯಬಹುದಾಗಿದೆ.

ಆಭರಣಗಳ ಹೆಸರುಗಳು ಪಾರಸಿ ಹಾಗೂ ಉರ್ದು ಪದಗಳಿಂದ ಕೂಡಿದವು. ಅಲ್ಮಾಸ್ ಎಂದರೆ ವಜ್ರ. ಜುಮುರ್ರುದ್ ಎಂದರೆ ಪಚ್ಚೆ. ಯಾಕೂತ್ ಎಂದರೆ ಮಾಣಿಕ್ಯ. ಮರ್ವಾರೀದ್ ಎಂದರೆ ಮುತ್ತು. ಕಂಠಿ, ಪದಕ, ಕರ್ಣಫೂಲ್ ಮೊದಲಾದ ಪದಗಳು ಇವುಗಳೊಡನೆ ಬೆರೆತಿರುವುದನ್ನು ಕಾಣಬಹುದು.

ಹಳೆಯ ಆಭರಣಗಳಲ್ಲಿ ಕುಂದಣದ ಕೆಲಸವಿದೆ. ಅಪರಂಜಿ ಚಿನ್ನದ ತೆಳುವಾದ ತಗಡನ್ನು ಕಲ್ಲಿನ ಸುತ್ತ ಒತ್ತಿ ಕೂರಿಸುವ ಈ ಪದ್ಧತಿಯಲ್ಲಿ ಕಲ್ಲಿನ ಹಿಂಬದಿಯು ಮುಚ್ಚಿರುತ್ತದೆ. ಆ ಹಿಂಬದಿಗೆ ಮೀನಾಕಾರಿ ಎಂಬ ಬಣ್ಣದ ಎರಕದ ಅಲಂಕಾರವನ್ನು ಮಾಡಲಾಗುತ್ತಿತ್ತು. ಧರಿಸಿದವರ ಮೈಗೆ ತಾಗುವ, ನೋಡುವವರಿಗೆ ಕಾಣದ ಭಾಗಕ್ಕೂ ಇಷ್ಟು ಶ್ರಮ ವಹಿಸಿರುವುದು ಈ ಸಂಗ್ರಹದ ಅತ್ಯುತ್ತಮ ಅಂಶಗಳಲ್ಲಿ ಒಂದೆನ್ನಬಹುದು. ನಂತರದ ಕಾಲದ ಆಭರಣಗಳಲ್ಲಿ ಕಲ್ಲನ್ನು ಲೋಹದ ಕೊಕ್ಕೆಗಳಲ್ಲಿ ಹಿಡಿದು, ಹಿಂಬದಿಯಿಂದಲೂ ಬೆಳಕು ಹಾಯುವಂತೆ ಮಾಡುವ ಪಾಶ್ಚಾತ್ಯ ಪದ್ಧತಿ ಕಂಡುಬರುತ್ತದೆ.

ಕಲ್ಲುಗಳ ಮೂಲವೂ ವೈವಿಧ್ಯಮಯವಾದುದು. ವಜ್ರಗಳು ಗೋಲ್ಕೊಂಡ ಪ್ರದೇಶದ ಗಣಿಗಳಿಂದ, ಪಚ್ಚೆಗಳು ದಕ್ಷಿಣ ಅಮೆರಿಕದ ಕೊಲಂಬಿಯಾದಿಂದ, ಮಾಣಿಕ್ಯಗಳು ಬರ್ಮಾದಿಂದ, ಮುತ್ತುಗಳು ಬಸ್ರಾ ಹಾಗೂ ಮನ್ನಾರ್ ಕೊಲ್ಲಿಯಿಂದ ಬಂದವು. ಪಚ್ಚೆಗಳ ಒಟ್ಟು ತೂಕವು 2,000 ಕ್ಯಾರಟ್‌ಗೆ ಸಮೀಪವಿದೆ. ಆಭರಣಕ್ಕೆ ಇನ್ನೂ ಕೂರಿಸದ 22 ಬಿಡಿ ಪಚ್ಚೆಗಳೂ ಇವೆ. ಸತ್ಲಡಾ ಎಂಬ ಏಳು ಎಳೆಯ ಮುತ್ತಿನ ಹಾರದಲ್ಲಿ 465 ಮುತ್ತುಗಳಿವೆ.

ಮುತ್ತುಗಳ ಪ್ರಮಾಣವು 40,000 ಚವ್‌ಗಳನ್ನು ಮೀರುವುದಾಗಿ ದಾಖಲಾಗಿದೆ. ಚವ್ ಎಂಬುದು ಮುತ್ತಿನ ವ್ಯಾಪಾರದ ಹಳೆಯ ಅಳತೆ. ಇದನ್ನು ತೂಕದ ವರ್ಗವನ್ನು ಮುತ್ತುಗಳ ಸಂಖ್ಯೆಯಿಂದ ಭಾಗಿಸುವ ಕ್ರಮದಲ್ಲಿ ಲೆಕ್ಕ ಹಾಕಲಾಗುತ್ತದೆ. ಆದ್ದರಿಂದ ಎರಡು ಸಣ್ಣ ಮುತ್ತುಗಳ ತೂಕವಿರುವ ಒಂದೇ ದೊಡ್ಡ ಮುತ್ತಿಗೆ, ಆ ಎರಡರ ಒಟ್ಟು ಚವ್‌ಗಿಂತ ಹೆಚ್ಚಿನ ಚವ್ ಬರುತ್ತದೆ. ಬೆಲೆಯೂ ಹಾಗೆಯೇ.

ಜೇಕಬ್ ವಜ್ರ

ಸಂಗ್ರಹದ ಅತಿ ಪ್ರಸಿದ್ಧ ವಸ್ತುವು 184.75 ಕ್ಯಾರಟ್ ತೂಗುವ ಜೇಕಬ್ ವಜ್ರ. ಇದಕ್ಕೆ ಇಂಪೀರಿಯಲ್ ಮತ್ತು ವಿಕ್ಟೋರಿಯಾ ಎಂಬ ಹೆಸರುಗಳೂ ಇದ್ದವು. ಸುಮಾರು 39.5 ಮಿ.ಮೀ. ಉದ್ದ, 29 ಮಿ.ಮೀ. ಅಗಲವಿರುವ ಇದರಲ್ಲಿ 58 ಮುಖಗಳಿವೆ. ಗೋಲ್ಕೊಂಡದ ಒಡೆಯರ ಬಳಿಯಿದ್ದ ಈ ಕಲ್ಲು ಗೋಲ್ಕೊಂಡದ್ದಲ್ಲ, ದಕ್ಷಿಣ ಆಫ್ರಿಕಾದ್ದು. 19ನೇ ಶತಮಾನದ ಕೊನೆಗೆ ಗೋಲ್ಕೊಂಡದ ಗಣಿಗಳು ಬರಿದಾಗಿ ಬಹಳ ಕಾಲವಾಗಿತ್ತು.

ಶಿಮ್ಲಾದ ರತ್ನ ವ್ಯಾಪಾರಿ ಅಲೆಕ್ಸಾಂಡರ್ ಮಾಲ್ಕಮ್ ಜೇಕಬ್ ಎಂಬಾತನು 1891ರಲ್ಲಿ ಇದನ್ನು ಆರನೇ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನ್ ಅವರಿಗೆ ಮಾರಲು ಮುಂದಾದನು. ನಿಜಾಮರ ಖಾಸಾ ಸೇವಕ ಆಲ್ಬರ್ಟ್ ಅಬೀದ್ ಈ ವ್ಯವಹಾರದಲ್ಲಿ ನಡುವಿನವನಾಗಿದ್ದನು. ಹೈದರಾಬಾದಿನ ಅಬಿಡ್ಸ್ ಬಡಾವಣೆಗೆ ಹೆಸರು ಬಂದಿರುವುದು ಈತನಿಂದಲೇ. ಸುಮಾರು 23 ಲಕ್ಷ ರೂಪಾಯಿಗಳನ್ನು ನಿಜಾಮರು ಠೇವಣಿಯಾಗಿ ನೀಡಿದರು. ಸಂಸ್ಥಾನದ ಹಣಕಾಸಿನ ಸ್ಥಿತಿಯನ್ನು ಮುಂದಿಟ್ಟು ಬ್ರಿಟಿಷ್ ರೆಸಿಡೆಂಟರು ಖರೀದಿಗೆ ಆಕ್ಷೇಪಿಸಿದರು. ನಿಜಾಮರು ವಜ್ರ ಬೇಡವೆಂದು ಹಣವನ್ನು ಹಿಂದಕ್ಕೆ ಕೇಳಿದಾಗ ಜೇಕಬ್‌ನಿಂದ ಅದು ಮರಳಿ ಬರಲಿಲ್ಲ. ಕಲ್ಕತ್ತಾ ಉಚ್ಚ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆದು, ನಿಜಾಮರ ಹೇಳಿಕೆಯನ್ನು ಆಯೋಗದ ಮೂಲಕ ಹೈದರಾಬಾದಿನಲ್ಲಿಯೇ ಪಡೆಯಲಾಯಿತು. ಜೇಕಬ್ ಖುಲಾಸೆಗೊಂಡನು. ವಜ್ರವು ಕೊನೆಗೆ ನಿಜಾಮರಲ್ಲಿಯೇ ಉಳಿಯಿತು.

ತಂದೆಯ ಮರಣಾನಂತರ ಏಳನೇ ನಿಜಾಮರಾದ ಮೀರ್ ಒಸ್ಮಾನ್ ಅಲಿ ಖಾನ್ ಅವರಿಗೆ ಇದು ಚೌಮಹಲ್ಲಾ ಅರಮನೆಯಲ್ಲಿ ತಂದೆಯ ಪಾದರಕ್ಷೆಯೊಂದರ ತುದಿಯಲ್ಲಿ ದೊರೆಯಿತೆಂದೂ, ಅವರು ಇದನ್ನು ಕಾಗದದ ಮೇಲಿಡುವ ಭಾರದ ಗುಂಡಾಗಿ ಬಳಸಿದರೆಂದೂ ಪ್ರಚಲಿತವಿರುವ ಮಾತು. 1937ರ ಫೆಬ್ರವರಿಯಲ್ಲಿ ಟೈಮ್ ಪತ್ರಿಕೆಯು ಜಗತ್ತಿನ ಅತಿ ಶ್ರೀಮಂತ ವ್ಯಕ್ತಿಯೆಂದು ಮುಖಪುಟದಲ್ಲಿ ಪ್ರಕಟಿಸಿದ ಅರಸರು ಇವರೇ. ಉಡುಗೆ ತೊಡುಗೆಯಲ್ಲಿ ಮಾತ್ರ ಮಿತವ್ಯಯಿಗಳೆಂದು ಹೆಸರಾಗಿದ್ದರು.

ಸಂಸ್ಥಾನದ ಸ್ವತ್ತು ಹಾಗೂ ಅರಸನ ಖಾಸಗಿ ಸ್ವತ್ತು

ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತದ ಕಂದಾಯವನ್ನು ದಿವಾನಿ ಎಂದೂ, ನಿಜಾಮರ ಸ್ವಂತ ಜಮೀನುಗಳ ಆದಾಯವನ್ನು ಸರ್ಫ್-ಎ-ಖಾಸ್ ಎಂದೂ ಪ್ರತ್ಯೇಕವಾಗಿ ನಿರ್ವಹಿಸಲಾಗುತ್ತಿತ್ತು. 1948ರ ಸೆಪ್ಟೆಂಬರ್ ತಿಂಗಳ ಪೊಲೀಸ್ ಕಾರ್ಯಾಚರಣೆಯ ತರುವಾಯ, 1949ರಲ್ಲಿ ಸರ್ಫ್-ಎ-ಖಾಸ್ ಜಮೀನುಗಳನ್ನು ದಿವಾನಿಯಲ್ಲಿ ವಿಲೀನಗೊಳಿಸಲಾಯಿತು. ಜಮೀನು ಹೋಯಿತು, ಒಡವೆ ಉಳಿಯಿತು. ಸಂಸ್ಥಾನಗಳ ವಿಲೀನದ ಸಂದರ್ಭದಲ್ಲಿ ಅರಸರ ಖಾಸಗಿ ಸ್ವತ್ತುಗಳನ್ನು ರಾಜ್ಯದ ಸ್ವತ್ತುಗಳಿಂದ ಬೇರ್ಪಡಿಸಿ ಮಾನ್ಯ ಮಾಡುವ ನೀತಿಯನ್ನು ಭಾರತ ಸರ್ಕಾರವು ಅನುಸರಿಸಿತ್ತು.

ಆದರೆ ಈ ವಿಂಗಡಣೆಯು ಕಾಗದದ ಮೇಲೆ ಇರುವಷ್ಟು ಸರಳವಲ್ಲ. ಜಾಗೀರುದಾರರು ಹಾಗೂ ಅಧಿಕಾರಿಗಳು ದರ್ಬಾರಿನಲ್ಲಿ ಒಪ್ಪಿಸುತ್ತಿದ್ದ ನಜರಾಣೆಯು ಅರಸನೆಂಬ ವ್ಯಕ್ತಿಗೆ ಸಂದಿತೋ, ಆತನು ಕುಳಿತ ಗಾದಿಗೆ ಸಂದಿತೋ ಎಂದು ನಿರ್ಧರಿಸುವುದು ಕಠಿಣ. ನಜರಾಣೆಯ ಹಣವು ಮೂಲತಃ ರೈತರ ಕಂದಾಯದಿಂದ ಬಂದದ್ದೆಂಬುದನ್ನೂ ಮರೆಯಲಾಗದು. ಆ ರೈತರಲ್ಲಿ ಇಂದಿನ ಕಲ್ಯಾಣ ಕರ್ನಾಟಕದವರೂ ಇದ್ದರು.

ಟ್ರಸ್ಟ್‌ಗಳ ರಚನೆ ಹಾಗೂ ಖರೀದಿ

ಏಳನೇ ನಿಜಾಮರು 1951 ಹಾಗೂ 1952ರಲ್ಲಿ ಆಭರಣಗಳಿಗಾಗಿ ಎರಡು ಟ್ರಸ್ಟ್‌ಗಳನ್ನು ರಚಿಸಿದರು. ಟ್ರಸ್ಟ್ ಎಂದರೆ, ಸ್ವತ್ತಿನ ಕಾನೂನುಬದ್ಧ ಹೊಣೆಯು ಟ್ರಸ್ಟಿಗಳಿಗೂ, ಅದರ ಪ್ರಯೋಜನವು ಫಲಾನುಭವಿಗಳಿಗೂ ಸೇರುವ ವ್ಯವಸ್ಥೆ. ಇದರಿಂದ ಆಭರಣಗಳು ಯಾವೊಬ್ಬ ವಾರಸುದಾರನ ಕೈಗೂ ನೇರವಾಗಿ ಸೇರದೆ, ಪಾಲಾಗದೆ, ಒಟ್ಟಾಗಿ ಉಳಿದವು. ತಮ್ಮ ಹಾಗೂ ಹಿರಿಯ ಮಗ ಅಜಂ ಜಾ ಅವರ ಮರಣಾನಂತರವಷ್ಟೇ ಮಾರಾಟಕ್ಕೆ ಅವಕಾಶವೆಂಬ ನಿಬಂಧನೆಯಿತ್ತು. ಆಭರಣಗಳನ್ನು ಮುಂಬಯಿಯಲ್ಲಿ ಬ್ಯಾಂಕಿನ ಭದ್ರತಾ ಕೊಠಡಿಯಲ್ಲಿ ಇರಿಸಲಾಯಿತು. ಅರಸರು 1967ರಲ್ಲಿ, ಅಜಂ ಜಾ ಅವರು 1970ರಲ್ಲಿ ನಿಧನರಾದರು.

ಆನಂತರ ಟ್ರಸ್ಟಿಗಳು ಮಾರಾಟಕ್ಕೆ ಪ್ರಯತ್ನಿಸಿದಾಗ, ಸಂಗ್ರಹವು ವಿದೇಶಕ್ಕೆ ಹೋಗದಂತೆ ಸರ್ಕಾರವು ತಡೆಯಿತು. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮದ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಇಂತಹ ವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ವಿದೇಶಿ ಗ್ರಾಹಕರು ಇಲ್ಲದಿದ್ದರೆ ಬೆಲೆ ಇಳಿಯುವುದು ಸಹಜ. ವಾರಸುದಾರರ ಕೊರಗಿಗೂ, ಸರ್ಕಾರದ ಅನುಕೂಲಕ್ಕೂ ಮೂಲ ಇದೇ ಆಗಿತ್ತು. ಸರ್ವೋಚ್ಚ ನ್ಯಾಯಾಲಯದವರೆಗೆ ನಡೆದ ದೀರ್ಘ ವ್ಯಾಜ್ಯದ ಬಳಿಕ ಮೇಲೆ ಹೇಳಿದ ಮೊತ್ತಕ್ಕೆ ಖರೀದಿ ಆಯಿತು.

218 ಕೋಟಿಯನ್ನು 173ರಿಂದ ಭಾಗಿಸಿದರೆ ವಸ್ತುವೊಂದಕ್ಕೆ ಸರಾಸರಿ ಸುಮಾರು 1 ಕೋಟಿ 26 ಲಕ್ಷ ರೂಪಾಯಿ ಬರುತ್ತದೆ. ಜೇಕಬ್ ವಜ್ರವನ್ನೂ ಒಂದು ಕಾಲುಂಗುರವನ್ನೂ ಒಂದೇ ಲೆಕ್ಕಕ್ಕೆ ತರುವ ಈ ಸರಾಸರಿಗೆ ಹೆಚ್ಚಿನ ಅರ್ಥವಿಲ್ಲ. ಇದು ದುಬಾರಿಯಾಯಿತೆಂದೂ, ಅತಿ ಅಗ್ಗವಾಯಿತೆಂದೂ ಎರಡು ಬಗೆಯ ಟೀಕೆಗಳಿವೆ. ಸಂಗ್ರಹವು ಬಿಡಿಬಿಡಿಯಾಗಿ ಹರಾಜಾಗದೆ ಒಂದೆಡೆ ಉಳಿದುದನ್ನು ಮಾತ್ರ ಎರಡೂ ಟೀಕೆಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಂಗ್ರಹದಲ್ಲಿ ಇಲ್ಲದ ಆಭರಣಗಳು

ನಿಜಾಮರ ಎಲ್ಲ ಆಭರಣಗಳೂ ಸರ್ಕಾರಕ್ಕೆ ಬಂದಿವೆ ಎಂಬುದು ತಪ್ಪು ತಿಳಿವಳಿಕೆ. ಉದಾಹರಣೆಗೆ, 1947ರಲ್ಲಿ ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್ ಅವರ ವಿವಾಹಕ್ಕೆ ಏಳನೇ ನಿಜಾಮರು ಕಾರ್ತಿಯೇ ಆಭರಣ ಮಳಿಗೆಯಿಂದ ಆಕೆಯೇ ಆರಿಸಿಕೊಳ್ಳುವಂತೆ ಉಡುಗೊರೆಯನ್ನು ಕೊಡಿಸಿದರು. ವಜ್ರದ ಕಿರೀಟ ಹಾಗೂ ಕಂಠಹಾರವನ್ನು ಆರಿಸಿಕೊಳ್ಳಲಾಯಿತು. ಕಿರೀಟದಲ್ಲಿದ್ದ ಗುಲಾಬಿಯಾಕಾರದ ಮೂರು ಹೂಗಳನ್ನು ಬಿಡಿಸಿ ಬ್ರೂಚ್‌ಗಳಾಗಿ ಧರಿಸಬಹುದಾಗಿತ್ತು. 1973ರಲ್ಲಿ ಕಿರೀಟವನ್ನು ಬಿಚ್ಚಿ, ಅದರ ವಜ್ರಗಳನ್ನು ಬರ್ಮಾ ಮಾಣಿಕ್ಯದ ಹೊಸ ಕಿರೀಟಕ್ಕೆ ಬಳಸಲಾಯಿತು. ಬ್ರೂಚ್‌ಗಳನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಲಾಯಿತು. 2022ರಲ್ಲಿ ನಿಧನರಾಗುವವರೆಗೆ ಬ್ರೂಚ್ ಇಲ್ಲದೆ ಸಮಾರಂಭಗಳಲ್ಲಿ ವಿರಳವಾಗಿ ಕಾಣಿಸಿಕೊಂಡ ರಾಣಿಯ ಸಂಗ್ರಹದಲ್ಲಿ ಹೈದರಾಬಾದಿನ ಗುರುತಾಗಿ ಉಳಿದವು ಇವು. ಇದು ವಿವಾಹದ ಉಡುಗೊರೆಯಾಗಿದ್ದು, 1995ರ ಖರೀದಿಗೆ ಸಂಬಂಧಿಸಿದುದಲ್ಲ.

ಸಾರ್ವಜನಿಕ ವೀಕ್ಷಣೆ

ಸಂಗ್ರಹವನ್ನು 2001ರಲ್ಲಿ ನವದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ, 2006ರಲ್ಲಿ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಹಾಗೂ 2019ರಲ್ಲಿ ಮತ್ತೆ ದೆಹಲಿಯಲ್ಲಿ ಪ್ರದರ್ಶಿಸಲಾಯಿತು. ಉಳಿದ ಕಾಲವೆಲ್ಲ ಬಹುತೇಕ ಬೀಗದೊಳಗೆ ಕಳೆದಿದೆ. ಸಾರ್ವಜನಿಕ ಹಣದಿಂದ ಕೊಂಡ ವಸ್ತುವನ್ನು ಸಾರ್ವಜನಿಕರು ವರ್ಷಗಟ್ಟಲೆ ಕಾಣದಿರುವುದು ಸಮಾಧಾನದ ಸಂಗತಿಯಲ್ಲ. ಹೈದರಾಬಾದಿನಲ್ಲಿ ಖಾಯಂ ಪ್ರದರ್ಶನ ಏರ್ಪಡಿಸಬೇಕೆಂಬ ಬೇಡಿಕೆ ಹಳೆಯದು. ಸಂಸತ್ತಿನಲ್ಲಿಯೂ ಈ ಕುರಿತು ಪ್ರಶ್ನೆಗಳು ಬಂದಿವೆ. ಭದ್ರತೆಯ ಆತಂಕವನ್ನೂ ಹಗುರವಾಗಿ ಕಾಣುವಂತಿಲ್ಲ: 2018ರ ಸೆಪ್ಟೆಂಬರ್ ತಿಂಗಳಿನಲ್ಲಿ ಹೈದರಾಬಾದಿನ ಪುರಾನಿ ಹವೇಲಿಯ ನಿಜಾಮ್ ವಸ್ತುಸಂಗ್ರಹಾಲಯದಿಂದ ರತ್ನಖಚಿತ ಚಿನ್ನದ ಊಟದ ಡಬ್ಬಿ ಮೊದಲಾದ ವಸ್ತುಗಳು ಕಳುವಾಗಿ, ಕೆಲವೇ ದಿನಗಳಲ್ಲಿ ಪತ್ತೆಯಾದವು.

ಪುರಾನಿ ಹವೇಲಿಯ ಸದರಿ ವಸ್ತುಸಂಗ್ರಹಾಲಯದಲ್ಲಿರುವುದು ಮುಖ್ಯವಾಗಿ ಏಳನೇ ನಿಜಾಮರ ಆಳ್ವಿಕೆಯ ರಜತ ಮಹೋತ್ಸವದ ಉಡುಗೊರೆಗಳು. 173 ಆಭರಣಗಳು ಅಲ್ಲಿ ಇಲ್ಲ. ಪ್ರವಾಸಿಗರು ಇವೆರಡನ್ನು ಒಂದೆಂದು ತಿಳಿಯಬಾರದು.

ಮನೆತನದ ಹಳೆಯ ಆಭರಣ ಹೊಂದಿರುವವರ ಗಮನಕ್ಕೆ

ಮೇಲ್ಕಂಡ ಅಧಿನಿಯಮವು ಅರಸರಿಗೆ ಮಾತ್ರ ಅನ್ವಯಿಸುವುದಲ್ಲ. ಅಜ್ಜಿಯ ಕಾಲದ ಡಾಬು ಅಥವಾ ವಂಕಿಯು ಕುಟುಂಬದ ಸ್ವತ್ತಾಗಿಯೇ ಉಳಿಯುತ್ತದೆ. ಹಳೆಯದೆಂಬ ಕಾರಣಕ್ಕೆ ಅದರ ಒಡೆತನಕ್ಕೆ ಬಾಧೆಯಿಲ್ಲ. ಆದರೆ ನೂರು ವರ್ಷ ಮೀರಿದ, ಪ್ರಾಚೀನ ವಸ್ತುವೆಂದು ಪರಿಗಣಿಸಬಹುದಾದ ಆಭರಣವನ್ನು ದೇಶದ ಹೊರಕ್ಕೆ ಕೊಂಡೊಯ್ಯುವಾಗ ಕಾನೂನಿನ ತೊಡಕು ಉಂಟಾಗುತ್ತದೆ. ನೂರು ವರ್ಷವೆಂಬುದು ನಿಂತ ಗಡಿಯಲ್ಲ. ಪ್ರತಿ ವರ್ಷವೂ ಇನ್ನಷ್ಟು ವಸ್ತುಗಳು ಅದರೊಳಗೆ ಬರುತ್ತವೆ. ವಸ್ತುವೊಂದು ಪ್ರಾಚೀನ ವಸ್ತುವೇ ಅಲ್ಲವೇ ಎಂಬ ಪ್ರಶ್ನೆ ಬಂದಲ್ಲಿ ನಿರ್ಧರಿಸುವ ಅಧಿಕಾರವು ಭಾರತೀಯ ಪುರಾತತ್ವ ಸರ್ವೇಕ್ಷಣಾ ಸಂಸ್ಥೆಯ ಮಹಾನಿರ್ದೇಶಕರಿಗೆ ಅಥವಾ ಅವರಿಂದ ಅಧಿಕೃತರಾದ ಅಧಿಕಾರಿಗೆ ಇರುತ್ತದೆ. ಪ್ರಾಚೀನ ವಸ್ತುವಲ್ಲವೆಂಬ ಪ್ರಮಾಣಪತ್ರಕ್ಕಾಗಿ ಸದರಿ ಸಂಸ್ಥೆಯಲ್ಲಿ ಅರ್ಜಿ ಸಲ್ಲಿಸಬಹುದಾಗಿದ್ದು, ಪರಿಶೀಲನೆಗೆ ಕಾಲಾವಕಾಶ ಬೇಕಾಗುವುದರಿಂದ ಪ್ರಯಾಣದ ದಿನಾಂಕಕ್ಕೆ ಸಾಕಷ್ಟು ಮುಂಚಿತವಾಗಿಯೇ ಅರ್ಜಿ ಸಲ್ಲಿಸುವುದು ಸೂಕ್ತ.