ಮೂಲೆ ಕಾಯುವವನ ಬೆಲೆ

ಕಬಡ್ಡಿಯಲ್ಲಿ ಚಪ್ಪಾಳೆಯೆಲ್ಲ ದಾಳಿಗಾರನ ಪಾಲು. ಅಂಕಣದ ಮೂಲೆ ಕಾಯುವ ಕಾರ್ನರ್ ಆಟಗಾರನಿಗೆ ಬೆಲೆ ಬಂದದ್ದು ತಡವಾಗಿ. 2014ರಲ್ಲಿ ಪ್ರೊ ಕಬಡ್ಡಿಯ ಮೊದಲ ಹರಾಜಿನ ಗರಿಷ್ಠ ಮೊತ್ತ ರಾಕೇಶ್ ಕುಮಾರ್ ಪಡೆದ 12.80 ಲಕ್ಷ ರೂಪಾಯಿ. 2018ರಲ್ಲಿ ಇರಾನಿನ ಕಾರ್ನರ್ ಆಟಗಾರ ಫಜಲ್ ಅತ್ರಾಚಲಿಗೆ ಯು ಮುಂಬಾ ಒಂದು ಕೋಟಿ ಕೊಟ್ಟಿತು. 2023ರಲ್ಲಿ ಅದೇ ದೇಶದ ಮೊಹಮ್ಮದ್‌ರೆಜಾ ಶಾದ್ಲೂಯಿಗೆ ಪುಣೇರಿ ಪಲ್ಟನ್ 2.35 ಕೋಟಿ ತೆತ್ತಿತು.

ಇಂಥವರನ್ನು ಅಳೆಯುವುದು ಹೇಗೆ? ದಾಳಿಗಾರ ಬೋನಸ್ ಗೆರೆಯತ್ತ ಕಾಲು ಚಾಚಿದ ಕ್ಷಣದಲ್ಲೇ ಪಾದದ ಗಂಟು ಹಿಡಿಯಬೇಕು. ಆತುರಪಟ್ಟು ತಪ್ಪಿದರೆ ಅಂಕ ಎದುರಾಳಿಗೆ. ಪಕ್ಕದ ಕವರ್ ಆಟಗಾರ ನೆರವಿಗೆ ಬರುವವರೆಗೆ ಹಿಡಿತ ಸಡಿಲಬಾರದು. ಟ್ಯಾಕಲ್ ಅಂಕ ಎಣಿಸುವುದು ಯಶಸ್ವಿ ಹಿಡಿತಗಳನ್ನು ಮಾತ್ರ. ದಾಳಿಗಾರ ಹೆದರಿ ಆ ಮೂಲೆಯತ್ತ ಸುಳಿಯದೇ ಹೋದರೆ, ಆ ಲಾಭ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

2024ರ ಮಾರ್ಚ್‌ನಲ್ಲಿ ಪುಣೆ ತಂಡ ಪ್ರಶಸ್ತಿ ಗೆದ್ದಾಗ ಶಾದ್ಲೂಯಿ 99 ಟ್ಯಾಕಲ್ ಅಂಕ ಗಳಿಸಿದ್ದರು. ಆ ತಂಡವನ್ನು ಪಳಗಿಸಿದವರು ನಮ್ಮ ಕರ್ನಾಟಕದ ಹಿರಿಯ ಆಟಗಾರ ಬಿ.ಸಿ. ರಮೇಶ್, 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ಅವರೇ ಪ್ರಶಸ್ತಿ ತಂದುಕೊಟ್ಟಿದ್ದರು.

ಹೆಸರಾದವರಿಗೆ ಅಂಕಪಟ್ಟಿಯೇ ಸಾಕ್ಷಿ. ಕಾಲೇಜು ತಂಡದ ಹುಡುಗನಿಗೆ ಅದಿರುವುದಿಲ್ಲ. ಅವನನ್ನು ಆರಿಸಬೇಕಾದವರು ಪಂದ್ಯವನ್ನು ಕೂತು ನೋಡಲೇಬೇಕು.