ಅಮೋನಿಯದಿಂದ ಶುದ್ಧ ಹೈಡ್ರೋಜನ್

ಸಣ್ಣ ಇಂಧನ ಕೋಶಗಳಿಗೆ ಬೇಕಾದ ಹೈಡ್ರೋಜನನ್ನು, ಅಮೋನಿಯವನ್ನು ಒಡೆದು ಬಳಸುವ ಜಾಗದಲ್ಲೇ ಪಡೆಯುವ ವಿಧಾನ ಇದು. ಹೈಡ್ರೋಜನನ್ನು ಕಾರಿನ ಟ್ಯಾಂಕಿಗೆ ತುಂಬಲು ಸುಮಾರು 700 ಬಾರ್ ಒತ್ತಡ ಬೇಕು. ದ್ರವವಾಗಿಸಲು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಬೇಕು. ಅಮೋನಿಯ ಕೋಣೆಯ ಉಷ್ಣತೆಯಲ್ಲಿ 10 ಬಾರ್ ಆಸುಪಾಸಿನ ಒತ್ತಡಕ್ಕೇ ದ್ರವವಾಗುತ್ತದೆ. ಅದರ ತೂಕದಲ್ಲಿ ಶೇ. 17.8ರಷ್ಟು ಹೈಡ್ರೋಜನ್ ಇದೆ. ಒಂದು ಲೀಟರ್ ದ್ರವ ಹೈಡ್ರೋಜನ್‌ನಲ್ಲಿ ಇರುವುದಕ್ಕಿಂತ ಹೆಚ್ಚು ಹೈಡ್ರೋಜನ್ ಒಂದು ಲೀಟರ್ ದ್ರವ ಅಮೋನಿಯದಲ್ಲಿರುತ್ತದೆ.

ಬಿಸಿ ವೇಗವರ್ಧಕದ ಮೇಲೆ ಹಾಯಿಸಿದಾಗ ಅಮೋನಿಯದ ಎರಡು ಅಣುಗಳು ಒಡೆದು ಒಂದು ನೈಟ್ರೋಜನ್ ಅಣು, ಮೂರು ಹೈಡ್ರೋಜನ್ ಅಣುಗಳಾಗುತ್ತವೆ. ರುಥೇನಿಯಂ ಕಡಿಮೆ ಉಷ್ಣತೆಯಲ್ಲೂ ಚುರುಕಾಗಿ ಕೆಲಸ ಮಾಡುತ್ತದೆ, ಆದರೆ ದುಬಾರಿ ಮತ್ತು ವಿರಳ. ನಿಕ್ಕಲ್ ಅಗ್ಗ, ಅದಕ್ಕೆ ಹೆಚ್ಚು ಕಾವು ಬೇಕು. ಅಮೋನಿಯ ಒಡೆಯುವುದು ಶಾಖ ಹೀರುವ ಕ್ರಿಯೆ. ಸಿಗುವ ಹೈಡ್ರೋಜನ್ ಉರಿದಾಗ ಬರುವ ಶಕ್ತಿಯ ಎಂಟನೆಯ ಒಂದು ಪಾಲಿನಷ್ಟು ಶಾಖ ಒಡೆಯುವುದಕ್ಕೇ ಹೋಗುತ್ತದೆ. ಕೋಶದಲ್ಲಿ ಬಳಕೆಯಾಗದೆ ಹೊರಬರುವ ಹೈಡ್ರೋಜನನ್ನು ಉರಿಸಿ ಈ ಶಾಖವನ್ನು ಒದಗಿಸಬಹುದು. ಸಾಧನ ಚಿಕ್ಕದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು, ಹಾಗಾಗಿ ಶಾಖ ಸೋರಿಹೋಗುವುದೂ ಹೆಚ್ಚು.

ಮೆಥನಾಲ್‌ನಿಂದ ಹೈಡ್ರೋಜನ್ ತೆಗೆಯುವಾಗ ಕೋಶಕ್ಕೆ ವಿಷವಾಗುವ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅಮೋನಿಯದಲ್ಲಿ ಕಾರ್ಬನ್ನೇ ಇಲ್ಲ. ನಿಜವಾದ ತೊಡಕು ಒಡೆಯದೆ ಉಳಿದ ಅಮೋನಿಯ. ಪ್ರೋಟಾನ್ ಪೊರೆಯ ಕೋಶದಲ್ಲಿ ಪೊರೆ ಆಮ್ಲೀಯ, ಅಮೋನಿಯ ಪ್ರತ್ಯಾಮ್ಲ. ಇವು ಸೇರಿದರೆ ಪ್ರೋಟಾನ್‌ಗಳ ಹರಿವು ಕುಂದುತ್ತದೆ. ವಾಹನಗಳ ಹೈಡ್ರೋಜನ್‌ಗೆ ಐಎಸ್‌ಒ 14687 ಮಾನದಂಡ ಇಟ್ಟಿರುವ ಮಿತಿ ಹತ್ತು ಲಕ್ಷಕ್ಕೆ 0.1 ಭಾಗ ಅಮೋನಿಯ. ಶೇ. 99.9ರಷ್ಟು ಒಡೆದರೂ ಹತ್ತು ಲಕ್ಷಕ್ಕೆ ಸುಮಾರು 500 ಭಾಗ ಉಳಿಯುತ್ತದೆ, ಅಂದರೆ ಮಿತಿಯ ಐದು ಸಾವಿರ ಪಟ್ಟು. ಒಡೆಯುವುದಕ್ಕಿಂತ ಶುದ್ಧಿಗೊಳಿಸುವುದೇ ಇಲ್ಲಿ ಕಠಿಣ ಕೆಲಸ.

ಜಿಯೊಲೈಟ್ ಅಥವಾ ಆಮ್ಲ ಸವರಿದ ಇದ್ದಿಲು ಅಮೋನಿಯವನ್ನು ಹಿಡಿದಿಡುತ್ತವೆ, ಆದರೆ ತುಂಬಿದ ಮೇಲೆ ಬದಲಿಸಬೇಕು ಅಥವಾ ಪುನಶ್ಚೇತನಗೊಳಿಸಬೇಕು. ನೈಟ್ರೋಜನ್ ಹಾಗೆಯೇ ಉಳಿಯುತ್ತದೆ. ಅದು ಕೋಶಕ್ಕೆ ವಿಷವಲ್ಲ, ಇಂಧನವನ್ನು ತೆಳುಗೊಳಿಸುತ್ತದೆ ಅಷ್ಟೆ. ಕೆಲವು ಲೋಹಗಳ ಪೊರೆಗಳು ಹೈಡ್ರೋಜನನ್ನು ಮಾತ್ರ ಹಾಯಿಸುತ್ತವೆ. ಪೆಲೇಡಿಯಂ-ಬೆಳ್ಳಿ ಪೊರೆ ಹಳೆಯ ಪರಿಹಾರ, ಬೆಲೆಯೇ ಅಡ್ಡಿ. ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆ ವೆನೇಡಿಯಂ ಆಧಾರಿತ ಪೊರೆಯಿಂದ ಅಮೋನಿಯದ ಹೈಡ್ರೋಜನನ್ನು ಶುದ್ಧೀಕರಿಸಿ, 2018ರಲ್ಲಿ ಬ್ರಿಸ್ಬೇನ್‌ನಲ್ಲಿ ಟೊಯೋಟಾ ಮಿರಾಯ್, ಹ್ಯುಂಡೈ ನೆಕ್ಸೊ ಕಾರುಗಳಿಗೆ ತುಂಬಿ ತೋರಿಸಿತು.

ಇಂದಿನ ಅಮೋನಿಯದ ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲುಗಳಿಂದ ತಯಾರಾದದ್ದು. ಅದರಿಂದ ಬಂದ ಹೈಡ್ರೋಜನ್ ಕೋಶದಲ್ಲಿ ಎಷ್ಟೇ ಶುದ್ಧವಾಗಿದ್ದರೂ ಕಾರ್ಖಾನೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಬಿದ್ದಾಗಿರುತ್ತದೆ. ಸೌರ ಅಥವಾ ಪವನ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಮಾಡಿದ ಅಮೋನಿಯಕ್ಕೆ ಈ ಆಕ್ಷೇಪ ಬಹುಮಟ್ಟಿಗೆ ತಗಲದು.

ಎಲ್ಲ ಕೋಶಗಳಿಗೂ ಇಷ್ಟು ಶುದ್ಧತೆ ಬೇಕಿಲ್ಲ. ಕ್ಷಾರೀಯ ಕೋಶ ಅಲ್ಪ ಅಮೋನಿಯವನ್ನು ತಾಳಿಕೊಳ್ಳುತ್ತದೆ. 700 ಡಿಗ್ರಿಗೂ ಮೇಲೆ ನಡೆಯುವ ಘನ ಆಕ್ಸೈಡ್ ಕೋಶದ ನಿಕ್ಕಲ್ ವಿದ್ಯುದಗ್ರ ಅಮೋನಿಯವನ್ನು ತಾನೇ ಒಡೆಯುತ್ತದೆ. ಆದರೆ ಬಿಸಿಯಾಗಲು ಹೊತ್ತು ಬೇಕಾದ್ದರಿಂದ ಪದೇ ಪದೇ ಚಾಲೂ ಮಾಡಿ ನಿಲ್ಲಿಸುವ ಸಣ್ಣ ಸಾಧನಗಳಿಗೆ ಅದು ಹೊಂದುವುದಿಲ್ಲ.