ಬಂಡೆಯ ನೆತ್ತಿಯಿಂದ ನಾಲೆಯ ಏರಿಗೆ



ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವಾಗ, ರಾಮನಗರ ಹತ್ತಿರವಾದಂತೆ ಬೋಳು ಬಂಡೆಗಳ ಬೆಟ್ಟಗಳು ಏಳುವುದನ್ನು ನೀವು ಕಂಡಿರಬಹುದು. ಅವುಗಳಲ್ಲಿ ರಾಮದೇವರ ಬೆಟ್ಟ 1975ರ ‘ಶೋಲೆ’ ಚಿತ್ರದಿಂದ ದೇಶಕ್ಕೆಲ್ಲ ಪರಿಚಿತ. ಗಬ್ಬರ್ ಸಿಂಗ್ ಕುಳಿತ ಬಂಡೆ ಯಾವುದೆಂದು ವಿಚಾರಿಸುವವರೇ ಅಲ್ಲಿ ಹೆಚ್ಚು. ಅವರು ವಿಚಾರಿಸುತ್ತಿರಲಿ, ನಾವು ಮೆಟ್ಟಿಲು ಹತ್ತೋಣ.

ನಿಮ್ಮ ಕಾಲ ಕೆಳಗಿನ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಭೂವಿಜ್ಞಾನಿಗಳು ಇದನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ಬಿ.ಎಸ್ಸಿ. ಓದುವಾಗ ಈ ಹೆಸರನ್ನು ಉರುಹೊಡೆದ ನನಗೆ ಕ್ಲೋಸ್‌ಪೇಟೆ ಎಂದರೆ ರಾಮನಗರವೇ ಎಂದು ತಿಳಿದದ್ದು ಬಹಳ ತಡವಾಗಿ! ಟಿಪ್ಪುವಿನ ಕಾಲದಲ್ಲಿ ಇದು ಶಂಷೇರಾಬಾದ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸ್‌ನ ಹೆಸರು ಊರಿಗೆ ಅಂಟಿತು, ಸ್ವಾತಂತ್ರ್ಯಾನಂತರ ರಾಮನಗರವಾಯಿತು. 2007ರಲ್ಲಿ ರಚನೆಯಾದ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಕ್ಲೋಸ್ ಸಾಹೇಬ ಈಗ ಉಳಿದಿರುವುದು ಕಲ್ಲಿನಲ್ಲಿ ಮಾತ್ರ.

ರಾಮನ ಗುಡಿ, ಅದರ ಬಳಿಯ ಕೊಳ ದಾಟಿ ನೆತ್ತಿಗೆ ಬನ್ನಿ. ಆಕಾಶ ಶುಭ್ರವಾಗಿದ್ದರೆ ಉತ್ತರಕ್ಕೆ, ಮಾಗಡಿಯ ಕಡೆ, ಸಾವನದುರ್ಗ ಕಾಣುತ್ತದೆ. ಕೆಂಪೇಗೌಡರ ವಂಶದವರ ಆ ದುರ್ಗ 1728ರಲ್ಲಿ ಮೈಸೂರಿನವರ ವಶವಾಯಿತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಅದನ್ನು ಹಿಡಿಯಿತು. ಇಲ್ಲಿನ ಕಡಿದಾದ ಬಂಡೆಗಳಲ್ಲಿ ಗೂಡುಕಟ್ಟುವ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಬೆಟ್ಟವನ್ನು ರಕ್ಷಿತಧಾಮವೆಂದು ಘೋಷಿಸಲಾಯಿತು. ಆದ್ದರಿಂದ ಕೂಗಾಡಬೇಡಿ.

ಈಗ ಕೆಳಗೆ ನೋಡಿ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800ರಿಂದ 900 ಮಿಲಿಮೀಟರು. ಅದೇನೂ ತೀರ ಕಡಿಮೆಯಲ್ಲ. ಆದರೆ ಬೋಳುಬಂಡೆ ನೀರು ಕುಡಿಯುವುದಿಲ್ಲ. ಬಿದ್ದ ಮಳೆ ಜಾರಿ ಹಳ್ಳ ಸೇರುತ್ತದೆ. ಈ ಬದಿಯ ನೀರು ಅರ್ಕಾವತಿಗೆ ಸೇರಿ, ಕನಕಪುರ ಹಾದು, ಸಂಗಮದಲ್ಲಿ ಕಾವೇರಿಗೆ. ಪಶ್ಚಿಮದ ನೀರು ಕಣ್ವ, ಶಿಂಷಾ ಹೊಳೆಗಳ ಮೂಲಕ ಅದೇ ಕಾವೇರಿಗೆ. ಓಡುವ ನೀರನ್ನು ತಡೆದು ನಿಲ್ಲಿಸುವುದೇ ಈ ಸೀಮೆಯ ರೈತನ ಹಳೆಯ ಹೋರಾಟ. ನೆತ್ತಿಯಿಂದ ಕಾಣುವ ಒಂದೊಂದು ಕೆರೆಯೂ ಅದಕ್ಕೆ ಸಾಕ್ಷಿ.

ಅದರ ದೊಡ್ಡ ರೂಪ ನೋಡಲು ಬೆಟ್ಟ ಇಳಿದು, ಚನ್ನಪಟ್ಟಣದ ಬಸ್ಸು ಹಿಡಿದು, ಅಲ್ಲಿಂದ ಕಣ್ವ ಜಲಾಶಯಕ್ಕೆ ಹೋಗಬೇಕು. ಮೈಸೂರು ಸಂಸ್ಥಾನದ ಕಾಲದಲ್ಲಿ, 1946ರಲ್ಲಿ ಕಟ್ಟಿದ್ದು. ಅಣೆಕಟ್ಟೆಯ ಕೆಳಗೆ ನಾಲೆಯ ಏರಿಯ ಮೇಲೆ ಒಂದು ಮೈಲಿ ನಡೆಯಿರಿ. ನೇರ ಹೋಗುವ ಬದಲು ನಾಲೆ ಏಕಿಷ್ಟು ಬಳಸುತ್ತದೆ? ನೀರು ನಿಧಾನವಾಗಿ, ತಾನಾಗಿಯೇ ಹರಿಯಬೇಕಾದರೆ ಇಳಿಜಾರು ಅತ್ಯಲ್ಪವಿರಬೇಕು. ಅದಕ್ಕೇ ದಿಣ್ಣೆಗಳನ್ನು ಸುತ್ತಿಕೊಂಡು ಸಾಗುತ್ತದೆ. ಭೂಪಟದಲ್ಲಿ ನೀವು ಕಂಡ ಸಮೋನ್ನತ ರೇಖೆ ಇಲ್ಲಿ ನೆಲದ ಮೇಲೆಯೇ ಇದೆ. ರೇಖೆಯ ಮೇಲ್ಗಡೆ ಮಳೆ ನಂಬಿದ ರಾಗಿ ಹೊಲ. ಕೆಳಗಡೆ ಗದ್ದೆ, ತೆಂಗು, ಹಿಪ್ಪುನೇರಳೆ. ಹತ್ತು ಹೆಜ್ಜೆಯ ಅಂತರದಲ್ಲಿ ಎರಡು ಬದುಕು!

ಒಮ್ಮೆ ಹರಿಯುವ ನಾಲೆಯ ದೃಶ್ಯಕ್ಕಾಗಿ ಕ್ಯಾಮೆರಾ ಹೊತ್ತು ಹೋದೆವು. ಹನಿ ನೀರಿರಲಿಲ್ಲ, ಹುಡುಗರು ನಾಲೆಯೊಳಗೆ ಕ್ರಿಕೆಟ್ ಆಡುತ್ತಿದ್ದರು. ನಾನು ಮೊದಲು ಪೆಚ್ಚಾದೆ, ಬಳಿಕ ಅದನ್ನೇ ಚಿತ್ರೀಕರಿಸಿದೆವು. ಕಣ್ವ ಹೊಳೆಯ ಮಳೆನೀರನ್ನೇ ನೆಚ್ಚಿದ್ದ ಈ ಜಲಾಶಯಕ್ಕೆ ಮುಂದೆ ಶಿಂಷಾ ನದಿಯ ಇಗ್ಗಲೂರು ಬ್ಯಾರೇಜಿನಿಂದ ಪಂಪುಗಳ ಮೂಲಕ ನೀರೆತ್ತುವ ವ್ಯವಸ್ಥೆಯಾಯಿತು. ಇಳಿಜಾರನ್ನು ನಂಬಿ ಕಟ್ಟಿದ ನಾಲೆ ಈಗ ವಿದ್ಯುತ್ತನ್ನೂ ನಂಬಬೇಕು.

ನೀವು ಹೋದಾಗ ನಾಲೆಯ ಕೊನೆಯ ತೂಬಿನವರೆಗೂ ನಡೆಯಿರಿ. ಅಲ್ಲಿ ಗದ್ದೆಯಲ್ಲಿರುವ ಹಿರಿಯರು ಯಾರಾದರೂ ಸಿಕ್ಕರೆ, ತೂಬಿಗೆ ನೀರು ಕಡೆಯ ಸಲ ಬಂದದ್ದು ಯಾವಾಗ ಎಂದು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.